ಬೈಟ್, ಪಿಟಿಸಿ, ಎವಿ: ಟಿವಿ ಸುದ್ದಿಯವರ ಮಾತು ಅರ್ಥವಾಗುವುದು ಹೇಗೆ?

ಪತ್ರಿಕೋದ್ಯಮ ವಿದ್ಯಾರ್ಥಿನಿ, ಕೋಲಾರ:
ಮುಂದಿನ ವಾರದಿಂದ ಬೆಂಗಳೂರಿನ ಸುದ್ದಿ ವಾಹಿನಿಯೊಂದರಲ್ಲಿ ತರಬೇತಿ. ನಮ್ಮ ಎಪಿಎಂಸಿಗೆ ಬಂದಿದ್ದ ವರದಿಗಾರರೊಬ್ಬರು ಫೋನಿನಲ್ಲಿ, ‘ಎರಡು ಬೈಟ್, ಒಂದು ಪಿಟಿಸಿ ಇದೆ. ಪ್ಯಾಕೇಜ್ ಆಗದಿದ್ದರೆ ಎವಿ ಮಾಡಿ’ ಎಂದರು. ನನಗೆ ಅರ್ಧವೂ ತಿಳಿಯಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ವರದಿಗಾರ, ಬಂಗಾರಪೇಟೆ:
ಬೈಟ್ ಎಂದರೆ ಕ್ಯಾಮೆರಾ ಮುಂದೆ ಯಾರಾದರೂ ಕೊಟ್ಟ ಹೇಳಿಕೆಯ ತುಣುಕು. ಟೊಮೆಟೊ ಬೆಳೆಗಾರ ಹತ್ತು ನಿಮಿಷ ಗೋಳು ತೋಡಿಕೊಂಡರೂ ಪ್ರಸಾರವಾಗುವುದು ಕೆಲವೇ ಸೆಕೆಂಡು. ವರದಿಗಾರನೇ ಸ್ಥಳದಲ್ಲಿ ನಿಂತು ಕ್ಯಾಮೆರಾ ನೋಡಿ ಮಾತನಾಡಿದರೆ ಅದು ಪಿಟಿಸಿ. ಇವೆರಡನ್ನೂ ದೃಶ್ಯ, ಹಿನ್ನೆಲೆ ಧ್ವನಿಯ ಜೊತೆ ಹೆಣೆದರೆ ಪ್ಯಾಕೇಜ್. ಎವಿಯಲ್ಲಿ ಅಷ್ಟೆಲ್ಲ ಇಲ್ಲ. ಆಂಕರ್ ಸುದ್ದಿ ಓದುತ್ತಿದ್ದಂತೆ ಪರದೆಯ ಮೇಲೆ ದೃಶ್ಯ ಓಡುತ್ತದೆ. ಅಂದರೆ ಆ ವರದಿಗಾರರು ಹೇಳಿದ್ದು ಇಷ್ಟೇ: ದೊಡ್ಡ ವರದಿಗೆ ಜಾಗ ಸಿಗದಿದ್ದರೆ ಚಿಕ್ಕದಾಗಿಯಾದರೂ ಓದಿಸಿ.

ಜಾಗ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ರನ್‌ಡೌನ್. ಯಾವ ಸುದ್ದಿ ಯಾವುದರ ನಂತರ, ಎಷ್ಟು ಹೊತ್ತು ಎಂಬ ಪಟ್ಟಿ ಅದು. ಮೊದಲ ದಿನವೇ ಅದನ್ನು ನೋಡಲು ಕೇಳಿ. ಉಳಿದ ಅರ್ಧ ಪದಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ.

ವಿಡಿಯೋ ಸಂಕಲನಕಾರ, ಮಾಲೂರು:
ನಮ್ಮ ಕೋಣೆಗೆ ಬಂದರೆ ಟೈಮ್‌ಕೋಡ್, ಅಂದರೆ ವಿಡಿಯೋದಲ್ಲಿ ಯಾವ ಕ್ಷಣ ಎಂದು ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ಗಳಲ್ಲಿ ತೋರಿಸುವ ಸಂಖ್ಯೆ, ಓದಲು ಬರಬೇಕು. 00:04:12:20 ಎಂದಿದ್ದರೆ ಕೊನೆಯ 20 ಸೆಕೆಂಡ್ ಅಲ್ಲ, ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಹಾಗಾಗಿ 24 ದಾಟಿದರೆ ಮತ್ತೆ 00. ಒಳ್ಳೆಯ ಬೈಟ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಬರೆದು ತರುವ ವರದಿಗಾರರಿಗೆ ನಮ್ಮಲ್ಲಿ ಚಹಾ ಉಚಿತ.

ಕಟ್‌ಅವೇ ಕೇಳಿದರೆ ಗಾಬರಿಯಾಗಬೇಡಿ. ಬೈಟನ್ನು ನಡುವೆ ಕತ್ತರಿಸಿ ಜೋಡಿಸಿದರೆ ಮಾತನಾಡುವವರ ತಲೆ ಸರಕ್ಕನೆ ಜಿಗಿದಂತೆ ಕಾಣುತ್ತದೆ. ಅದು ಜಂಪ್ ಕಟ್. ಅದನ್ನು ಮುಚ್ಚಲು ಹರಾಜು ಕೂಗುವವರು, ಕ್ರೇಟ್ ಎತ್ತುವ ಹಮಾಲರು, ಲೆಕ್ಕ ಬರೆಯುವ ಕೈ, ಇಂಥ ಬೇರೆ ಶಾಟ್‌ಗಳು ಬೇಕು. ಅವೇ ಕಟ್‌ಅವೇ. ಮಂಡಿಯಲ್ಲಿ ಇವುಗಳಿಗೇನು ಬರ! ಆದರೂ ಎಲ್ಲರೂ ಮುಖವನ್ನಷ್ಟೇ ತೆಗೆದು ತರುತ್ತಾರೆ.

ರೇಡಿಯೋ ಕೆಲಸ ಮಾಡಿದವರು, ಬೂದಿಕೋಟೆ:
ನಮ್ಮೂರಿನ ಸಮುದಾಯ ರೇಡಿಯೋ ‘ನಮ್ಮಧ್ವನಿ’ ಕೇಬಲ್ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ತಲುಪಿಸುತ್ತಿತ್ತು, ಊರಿನವರೇ ತಯಾರಿಸುತ್ತಿದ್ದರು. ಪದಗಳ ಪಟ್ಟಿ ಉರು ಹೊಡೆದು ಯಾರೂ ಕಲಿಯಲಿಲ್ಲ. ಮೇಲಿನವರು ಧ್ವನಿಯನ್ನು ಮರೆತಿದ್ದಾರೆ, ಟಿವಿಯವರ ಅಭ್ಯಾಸ ಅದು. ಆಂಬಿಯನ್ಸ್ ಕೇಳಿದರೆ ಯಾರೂ ನಿಮ್ಮೊಂದಿಗೆ ಮಾತನಾಡದಿರುವಾಗ ಆ ಸ್ಥಳದ ಸದ್ದನ್ನು ಅರ್ಧ ನಿಮಿಷ ದಾಖಲಿಸಿಕೊಡಿ. ಎರಡು ಬೈಟ್‌ಗಳ ನಡುವಿನ ಬಿರುಕು ಅದರಿಂದಲೇ ಮುಚ್ಚುತ್ತದೆ.

ಪತ್ರಿಕೋದ್ಯಮ ವಿದ್ಯಾರ್ಥಿನಿ, ಕೋಲಾರ:
ಎಲ್ಲರಿಗೂ ಧನ್ಯವಾದ. ‘ಫೀಡ್ ಕಳಿಸಿ’ ಎಂದರೆ ಚಿತ್ರೀಕರಿಸಿದ ಎಲ್ಲವನ್ನೂ ವಾಹಿನಿಗೆ ಕಳಿಸಬೇಕೇ?

ವರದಿಗಾರ, ಬಂಗಾರಪೇಟೆ:
ಬೇಡಮ್ಮ. ಬೈಟ್, ಪಿಟಿಸಿ, ಆಯ್ದ ದೃಶ್ಯ ಸಾಕು. ಜೊತೆಗೆ ಬೈಟ್ ಕೊಟ್ಟವರ ಹೆಸರು, ಹುದ್ದೆಯನ್ನು ಕಾಗುಣಿತ ತಪ್ಪದೆ ಬರೆದು ಕಳಿಸಿ. ಪರದೆಯ ಕೆಳಗೆ ಅದೇ ಹೋಗುತ್ತದೆ. ಅದನ್ನು ಆಸ್ಟನ್ ಎನ್ನುತ್ತಾರೆ. ಇಲ್ಲದಿದ್ದರೆ ರಾತ್ರಿ ಹತ್ತಕ್ಕೂ ಡೆಸ್ಕಿನಿಂದ ಫೋನ್ ಬರುತ್ತದೆ.