27 ಮೆಗಾಹರ್ಟ್ಸ್ ಕ್ರಿಸ್ಟಲ್ ಅನ್ನು ಟೆಸ್ಟರ್ ಕಿಟ್ 9 ಎಂದು ತೋರಿಸುತ್ತಿರುವುದೇಕೆ?

ಪ್ರಶ್ನೆ:
ಐದು ಅಂಕಿಗಳ ಎಲ್‌ಇಡಿ ಪರದೆಯಿರುವ ಅಗ್ಗದ ಕ್ರಿಸ್ಟಲ್ (ನಿಗದಿತ ಆವರ್ತನದಲ್ಲಿ ಕಂಪಿಸುವ ಸ್ಫಟಿಕದ ಬಿಡಿಭಾಗ) ಟೆಸ್ಟರ್ ಕಿಟ್ ಒಂದನ್ನು ಬೆಸುಗೆ ಹಾಕಿ ಜೋಡಿಸಿದ್ದೇನೆ. 4 ಮತ್ತು 12 ಮೆಗಾಹರ್ಟ್ಸ್ ಕ್ರಿಸ್ಟಲ್‌ಗಳನ್ನು ಅದು ಸರಿಯಾಗಿ ಅಳೆಯುತ್ತದೆ, ಆದರೆ 27.145 ಎಂದು ಅಚ್ಚಾಗಿರುವುದನ್ನು ಸಿಕ್ಕಿಸಿದರೆ 9.0467 ಎನ್ನುತ್ತದೆ, ಗಡಿಯಾರದ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ಗೆ ಬರೀ ಸೊನ್ನೆ. ನನ್ನ ಬೆಸುಗೆಯಲ್ಲಿ ದೋಷವಿದೆಯೇ?

ಉತ್ತರ 1:
ಬೆಸುಗೆಯನ್ನು ಮತ್ತೆ ಮುಟ್ಟಬೇಡಿ, 27.145 ಅನ್ನು ಮೂರರಿಂದ ಭಾಗಿಸಿ ನೋಡಿ. ಅದು ಮೂರನೆಯ ಓವರ್‌ಟೋನ್‌ನಲ್ಲಿ, ಅಂದರೆ ಮೂಲ ಆವರ್ತನದ ಸುಮಾರು ಮೂರು ಪಟ್ಟಿನ ಕಂಪನದಲ್ಲಿ, ಕೆಲಸ ಮಾಡಲೆಂದು ತಯಾರಾದ ಕ್ರಿಸ್ಟಲ್. ಓವರ್‌ಟೋನ್ ಅನ್ನು ಆರಿಸಿಕೊಡುವ ಕಾಯಿಲ್ ಮತ್ತು ಕೆಪಾಸಿಟರ್‌ಗಳ ಜೋಡಿ ಕಿಟ್‌ನ ಆಸಿಲೇಟರ್‌ನಲ್ಲಿ (ಕ್ರಿಸ್ಟಲ್ ಅನ್ನು ಕಂಪಿಸುವಂತೆ ಮಾಡುವ ಮಂಡಲದಲ್ಲಿ) ಇಲ್ಲದಿರುವುದರಿಂದ ಕ್ರಿಸ್ಟಲ್ ತನ್ನ ಮೂಲ ಆವರ್ತನದಲ್ಲೇ ಕಂಪಿಸುತ್ತದೆ. ಓವರ್‌ಟೋನ್ ಕರಾರುವಾಕ್ಕಾಗಿ ಮೂರು ಪಟ್ಟು ಇರುವುದಿಲ್ಲವಾದ್ದರಿಂದ ಕೊನೆಯ ಅಂಕಿಗಳು ಹೊಂದದಿರುವುದೂ ಸಹಜವೇ.

ಉತ್ತರ 2:
ಗಡಿಯಾರದ ಕ್ರಿಸ್ಟಲ್‌ನ ಸರಣಿ ರೋಧ (ಕಂಪಿಸುವಾಗ ಅದು ಒಡ್ಡುವ ವಿದ್ಯುತ್ ತಡೆ) ಹತ್ತಾರು ಕಿಲೋಓಮ್‌ಗಳಷ್ಟಿದ್ದು, ಮೆಗಾಹರ್ಟ್ಸ್ ಕ್ರಿಸ್ಟಲ್‌ಗಳಿಗಾಗಿ ರೂಪಿಸಿದ ಆಸಿಲೇಟರ್ ಅದನ್ನು ಎಬ್ಬಿಸಲಾರದು. ಆ ಕ್ರಿಸ್ಟಲ್ ಸಾಮಾನ್ಯವಾಗಿ ತಾಳಿಕೊಳ್ಳುವುದು ಸುಮಾರು 1 ಮೈಕ್ರೊವಾಟ್ ಮಾತ್ರ, ಆದ್ದರಿಂದ ಬಲವಂತ ಬೇಡ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. 10 ಮೆಗಾಹರ್ಟ್ಸ್ ನಿಖರ ಸಂಕೇತಕ್ಕೆ ಇದು 10.001 ಎನ್ನುತ್ತಿದೆ.

ಉತ್ತರ 1:
ಅದು 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಭಾಗ) ದೋಷ. ಅಳತೆಗೆ ಆಧಾರವಾದ ಕಿಟ್‌ನ ಸ್ವಂತ ಕ್ರಿಸ್ಟಲ್‌ನ ಪಕ್ಕದ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ಅನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದಲೇ ತಿರುಗಿಸಿ. ಲೋಹದ್ದಾದರೆ ಕೈ ತೆಗೆದೊಡನೆ ಅಂಕಿ ಜಾರುತ್ತದೆ.