ವೃಷಣ ತೆಗೆದ ಇಲಿಯ ಪ್ರಾಸ್ಟೇಟಿನಲ್ಲಿ ಒಂದು ಜೀನ್ ಇಳಿದು ಇನ್ನೊಂದು ಏರುವುದೇಕೆ?

ಪ್ರಶ್ನೆ, ಕೊಣಾಜೆಯ ಎಂಎಸ್ಸಿ ವಿದ್ಯಾರ್ಥಿನಿ:
ನಮಸ್ಕಾರ. ವೃಷಣ ತೆಗೆದ ಇಲಿಯ ಪ್ರಾಸ್ಟೇಟ್ ಗ್ರಂಥಿಯ ಉದರಭಾಗದ ಹಾಲೆಯಲ್ಲಿ, ಆ ಗ್ರಂಥಿ ಸ್ರವಿಸುವ ಪ್ರಾಸ್ಟಟೀನ್ ಪ್ರೋಟೀನಿನ ಎಂಆರ್‌ಎನ್‌ಎ (ಜೀನಿನ ಸಂದೇಶ ಒಯ್ಯುವ ಪ್ರತಿ) ಕುಸಿಯುವಾಗ ಕ್ಲಸ್ಟರಿನ್ ಎಂಬ ಇನ್ನೊಂದು ಪ್ರೋಟೀನಿನದು ಏರುವುದೇಕೆ?

ಉತ್ತರ, ಮಣಿಪಾಲದಿಂದ:
ವೃಷಣದಿಂದ ಬರುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್, ಪ್ರಾಸ್ಟೇಟಿನ ಜೀವಕೋಶದೊಳಗೆ 5-ಆಲ್ಫಾ ರಿಡಕ್ಟೇಸ್ ಕಿಣ್ವದಿಂದ ಡೈಹೈಡ್ರೋಟೆಸ್ಟೋಸ್ಟಿರೋನ್ ಆಗಿ ಮಾರ್ಪಟ್ಟು ಆಂಡ್ರೋಜನ್ (ಗಂಡು ಹಾರ್ಮೋನ್) ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಗ್ರಾಹಕವು ಡಿಎನ್‌ಎಯ ನಿರ್ದಿಷ್ಟ ತಾಣಗಳನ್ನು ಹಿಡಿದು ಪ್ರಾಸ್ಟಟೀನ್ ಜೀನ್‌ಗಳ ಪ್ರತಿಲೇಖನವನ್ನು, ಅಂದರೆ ಎಂಆರ್‌ಎನ್‌ಎ ತಯಾರಿಕೆಯನ್ನು, ಹೆಚ್ಚಿಸುತ್ತದೆ. ವೃಷಣ ತೆಗೆದು ಹಾರ್ಮೋನ್ ನಿಂತರೆ ಪ್ರಾಸ್ಟಟೀನ್ ಎಂಆರ್‌ಎನ್‌ಎ ಇಳಿಯಲೇಬೇಕು. ಕ್ಲಸ್ಟರಿನ್ ಏರಿಕೆಗೆ ಕೋಶಗಳ ಸಾವು ಮತ್ತು ಒತ್ತಡದೊಂದಿಗೆ ನಂಟಿದೆ.

ಉತ್ತರ, ಮಂಗಳೂರಿನ ಉಪನ್ಯಾಸಕ:
ಒಂದು ಮಾತನ್ನು ಒತ್ತಿ ಹೇಳಬೇಕು. ಗ್ರಂಥಿ ಕುಗ್ಗುವಾಗ ಸ್ರಾವಕ ಕೋಶಗಳೇ ಹೆಚ್ಚು ಸಾಯುವುದರಿಂದ ಉಳಿದ ಕೋಶಗಳ ಪಾಲು ತಾನಾಗಿ ಏರುತ್ತದೆ; ಆದ್ದರಿಂದ ಅಳತೆಯ ಪ್ರತಿ ಏರಿಳಿತವನ್ನೂ ಜೀನ್ ನಿಯಂತ್ರಣವೆಂದು ಓದಬಾರದು. ಟೆಸ್ಟೋಸ್ಟಿರೋನ್ ಮರಳಿ ಕೊಟ್ಟ ಇಲಿಗಳ ಗುಂಪನ್ನೂ ತಪ್ಪದೆ ಹೋಲಿಸಿ ನೋಡಿ.