ಭಿನ್ನರಾಶಿಯನ್ನು ಅನುಪಾತಕ್ಕೆ ತರುವಾಗ ಛೇದ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ:
ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಮೂರು ಎಕರೆ ಹೊಲದ 1/2 ಭಾಗದಲ್ಲಿ ರಾಗಿ, 1/3 ಭಾಗದಲ್ಲಿ ಜೋಳ, ಉಳಿದುದರಲ್ಲಿ ಹುರುಳಿ ಬಿತ್ತಿದರೆ ಮೂರೂ ಬೆಳೆಗಳ ವಿಸ್ತೀರ್ಣಗಳ ಅನುಪಾತವೆಷ್ಟು? ಉಳಿದದ್ದು 1/6 ಎಂಬುದನ್ನು ಅವಳು ಸರಿಯಾಗಿಯೇ ಕಂಡುಹಿಡಿದಳು. ಆದರೆ ಉತ್ತರವನ್ನು 2:3:6 ಎಂದು ಬರೆದಳು. ಸರಿಯುತ್ತರ 3:2:1. ಛೇದಗಳ ಲ.ಸಾ.ಅ. 6ರಿಂದ ಎಲ್ಲವನ್ನೂ ಗುಣಿಸಬೇಕೆಂದು ಹೇಳಿಕೊಟ್ಟಾಗ, "ಗುಣಿಸಿದರೆ ಹೊಲವೇ ದೊಡ್ಡದಾಗುವುದಿಲ್ಲವೇ ಅಪ್ಪಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳಿಗೆ ಹೇಗೆ ತಿಳಿಸಿಹೇಳಲಿ?

ಉತ್ತರ 1:
ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಮೊದಲು ಅವಳ ಉತ್ತರವನ್ನೇ ಹೊಲಕ್ಕೆ ಹಚ್ಚಿ ನೋಡಿಸಿ: 2:3:6 ಎಂದರೆ ಹುರುಳಿಗೆ ರಾಗಿಯ ಮೂರರಷ್ಟು ನೆಲ ಬೇಕಾಗುತ್ತದೆ, ಆದರೆ ಅರ್ಧ ಹೊಲ ರಾಗಿಯದೇ ಆಗಿದೆ. ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನು ಗುಣಿಸುವ ಮಾತು. ಎಕರೆಗೆ 40 ಗುಂಟೆಯಂತೆ ಮೂರು ಎಕರೆಯನ್ನು 120 ಗುಂಟೆ ಎಂದು ಬರೆದಾಗ ಹೊಲ ಬೆಳೆಯುವುದಿಲ್ಲ; ಅಳತೆ ಚಿಕ್ಕದಾದುದರಿಂದ ಎಣಿಕೆ ಮಾತ್ರ ಹೆಚ್ಚುತ್ತದೆ. ರಾಗಿಗೆ 60, ಜೋಳಕ್ಕೆ 40, ಹುರುಳಿಗೆ 20 ಗುಂಟೆ. ಹೊಲವನ್ನು ಇಪ್ಪತ್ತು ಗುಂಟೆಯ ಆರು ಪಟ್ಟಿಗಳಾಗಿ ಹಾಳೆಯ ಮೇಲೆ ಬರೆಸಿದರೆ ಮೂರು ಪಟ್ಟಿ, ಎರಡು ಪಟ್ಟಿ, ಒಂದು ಪಟ್ಟಿ ಎಂದು ಅವಳೇ ಎಣಿಸುತ್ತಾಳೆ. 3/6, 2/6, 1/6 ಎಂದು ಬರೆಯುವುದರ ಅರ್ಥವೂ ಇದೇ: ಎಲ್ಲ ತುಂಡುಗಳೂ ಒಂದೇ ಅಳತೆಯವಾದ ಮೇಲೆ ಆ ಅಳತೆಯನ್ನು ಮತ್ತೆ ಮತ್ತೆ ಹೇಳಬೇಕಾಗಿಲ್ಲ, ಆದ್ದರಿಂದ ಛೇದವನ್ನು ಬಿಟ್ಟು ಅಂಶಗಳನ್ನಷ್ಟೇ ಹೋಲಿಸುತ್ತೇವೆ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಸಮಚ್ಛೇದಕ್ಕೆ ತಂದ ಮೇಲೂ ಕೆಲವೊಮ್ಮೆ ಕೆಲಸ ಉಳಿದಿರುತ್ತದೆ. 2/3 ಮತ್ತು 2/9 ಭಾಗಗಳನ್ನಷ್ಟೇ ಹೋಲಿಸಿದರೆ 6:2 ಬರುತ್ತದೆ, ಮ.ಸಾ.ಅ. 2ರಿಂದ ಭಾಗಿಸಿದಾಗಲೇ ಅದು 3:1 ಎಂಬ ಸರಳ ರೂಪಕ್ಕೆ ಇಳಿಯುತ್ತದೆ. ಅಂದಹಾಗೆ, ಇದು ನಮ್ಮ ನೆಲದಲ್ಲಿ ಹಳೆಯ ವಿದ್ಯೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಛೇದಗಳ ಲ.ಸಾ.ಅ.ವನ್ನು 'ನಿರುದ್ಧ' ಎಂದು ಕರೆದು, ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರಲು ಬಳಸಿದ್ದಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಟ್ಟಿಗಳನ್ನು ಬರೆದು ಬಣ್ಣ ತುಂಬಿದ ಮೇಲೆ ಅವಳೇ ರಾಗಿಗೆ 1/4, ಜೋಳಕ್ಕೆ 2/5 ಎಂದು ಹೊಸ ಲೆಕ್ಕ ಕಟ್ಟಿಕೊಂಡು, ಇಪ್ಪತ್ತು ಪಟ್ಟಿ ಎಳೆದು, 5:8:7 ಎಂದು ಬರೆದು ತಂದಳು. ಈ ಸಲ ರಾಗಿಗಿಂತ ಹುರುಳಿಯೇ ಎರಡು ಪಟ್ಟಿ ಹೆಚ್ಚು ಎಂದು ಬೆರಳಿಟ್ಟು ತೋರಿಸಿದಳು.